ಟೋಕಿಯೋ ಯಾತ್ರೆಗೆ ಮುನ್ನ

ಏಳು ದಿನಗಳಲ್ಲಿ ಟೋಕಿಯೋ ನಗರವನ್ನು ನೋಡಿ ಮುಗಿಸುವೆನೆಂದು ಹೊರಡುವವನು ಸಮುದ್ರವನ್ನು ತಂಬಿಗೆಯಲ್ಲಿ ತುಂಬಿಕೊಂಡು ಬರಲು ಹೊರಟವನಿಗೆ ಸಮಾನ. ತಂಬಿಗೆಯೇನೋ ತುಂಬುತ್ತದೆ, ಸಮುದ್ರಕ್ಕೆ ಅದರ ಸುಳಿವೂ ಹತ್ತುವುದಿಲ್ಲ. ಆಡಳಿತದ ಗಡಿಯೊಳಗೇ ಸುಮಾರು 1 ಕೋಟಿ 40 ಲಕ್ಷ ಜನರಿರುವ ಊರು ಅದು. ಸುತ್ತಣ ಪಟ್ಟಣಗಳು ಬೆಳೆದು ಒಂದಕ್ಕೊಂದು ಬೆಸೆದುಕೊಂಡಿರುವ ಮಹಾನಗರ ಪ್ರದೇಶವನ್ನೆಲ್ಲ ಕೂಡಿಸಿದರೆ ಸಂಖ್ಯೆ 3 ಕೋಟಿ 70 ಲಕ್ಷದ ಆಸುಪಾಸಿಗೆ ಏರುತ್ತದೆ. ಎಂದರೆ, ಕರ್ನಾಟಕದ ಒಟ್ಟು ಜನರಲ್ಲಿ ಅರ್ಧಕ್ಕೂ ಮಿಗಿಲಾದ ಮಂದಿ ಒಂದೇ ಊರಿನಲ್ಲಿ ಒಲೆ ಹೂಡಿದಂತೆ. ಇಂಥ ಊರಿಗೆ ಮೊದಲ ಬಾರಿ ಹೋಗತಕ್ಕವರು ಅಲ್ಲಿ ಏನನ್ನು ನೋಡಬೇಕೆಂದು ಕೇಳುವುದು ವಾಡಿಕೆ. ಏನನ್ನು ಬಿಡಬೇಕೆಂದು ಕೇಳುವವರು ವಿರಳ. ಆದರೆ ಯಾತ್ರೆಯ ಸುಖವೆಲ್ಲ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆಯೇ.

ಬೆಂಗಳೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಯಜಮಾನರಿಗೆ ಐವತ್ತರ ಹತ್ತಿರ ವಯಸ್ಸು, ಬ್ಯಾಂಕಿನಲ್ಲಿ ಉದ್ಯೋಗ. ಜೊತೆಯಲ್ಲಿ ಪತ್ನಿ, ಕಾಲೇಜಿನ ಮೆಟ್ಟಿಲು ಹತ್ತಲಿರುವ ಮಗಳು, ಎಪ್ಪತ್ತು ದಾಟಿದ ತಾಯಿ. ಹತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣ. ಇನ್ನೊಮ್ಮೆ ಇಂಥ ಯೋಗ ಕೂಡಿಬರುವುದೋ ಇಲ್ಲವೋ; ತಾಯಿಯ ಮಟ್ಟಿಗಂತೂ ಇದೇ ಮೊದಲು, ಬಹುಶಃ ಇದೇ ಕಡೆಯದು. ಯಜಮಾನರು ಹೋಗಿಬಂದವರನ್ನೆಲ್ಲ ವಿಚಾರಿಸಿ ಮೂವತ್ತೆರಡು ಸ್ಥಳಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದಾರೆ. ಚಿತ್ರಕಥೆಗಳ ಅಂಗಡಿಗಳು ಸಾಲುಗಟ್ಟಿರುವ ಅಕಿಹಾಬಾರವೊಂದನ್ನು ತೋರಿಸಿದರೆ ಸಾಕೆಂದು ಮಗಳ ಹಟ. ತಾಯಿ ಕೇಳಿದ್ದು ಒಂದೇ ಮಾತು: “ಅಲ್ಲಿ ಕೈ ಮುಗಿಯುವುದಕ್ಕೆ ಒಂದು ದೇವಸ್ಥಾನವಾದರೂ ಉಂಟೇನಪ್ಪಾ?”

ನಗತಕ್ಕ ಪ್ರಶ್ನೆಯಲ್ಲ ಅದು. ಮೂವತ್ತೆರಡರ ಪಟ್ಟಿಗಿಂತ ಒಳ್ಳೆಯ ದಾರಿದೀಪ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದಾಗ ಅವರ ಕಣ್ಣು ಹುಡುಕಿದ್ದು ಆ ದೇಶದ ಕೈಗಾರಿಕೆ, ವಿದ್ಯಾಭ್ಯಾಸಗಳ ಏರ್ಪಾಟನ್ನು. ಅಷ್ಟು ಘನವಾದ ಉದ್ದೇಶ ಎಲ್ಲರಿಗೂ ಇರಬೇಕೆಂದಿಲ್ಲ. ಆದರೆ ಏನೋ ಒಂದನ್ನು ಹುಡುಕಿಕೊಂಡು ಹೋದವನಿಗೆ ಅದರ ಜೊತೆಗೆ ಹತ್ತು ದೊರೆಯುತ್ತವೆ, ಎಲ್ಲವನ್ನೂ ಹುಡುಕಿಕೊಂಡು ಹೋದವನಿಗೆ ರೈಲು ನಿಲ್ದಾಣಗಳ ನೆನಪು ಮಾತ್ರ ಉಳಿಯುತ್ತದೆ.

ಯೋಜನೆ ಮಾಡದೆ ಹೊರಡುವುದಕ್ಕೆ ಜಪಾನೀ ಸರ್ಕಾರ ಬಿಡುವುದೂ ಇಲ್ಲ. ಭಾರತೀಯರಿಗೆ ವೀಸಾ ಬೇಕೇ ಬೇಕು. ಪ್ರವಾಸಿಯ ಅರ್ಜಿಯೊಡನೆ ಯಾವ ದಿನ ಎಲ್ಲಿ ತಂಗುವುದು, ಏನು ಮಾಡುವುದೆಂಬ ದಿನವಹಿ ಕಾರ್ಯಕ್ರಮದ ಪತ್ರವನ್ನೂ ಒಪ್ಪಿಸತಕ್ಕದ್ದು. ಅನೇಕರು ಇದನ್ನು ಕಚೇರಿಯ ಕಾಟವೆಂದು ಬಗೆದು ಬಾಯಿಗೆ ಬಂದ ಊರುಗಳನ್ನು ತುಂಬಿಬಿಡುತ್ತಾರೆ. ಮನಸ್ಸಿಟ್ಟು ತುಂಬಿದರೆ ಅದೇ ಯಾತ್ರೆಯ ಬೆನ್ನೆಲುಬಾದೀತು. ತುಂಬುವಾಗಲೇ ಮೊದಲ ಸತ್ಯ ಗೋಚರಿಸುತ್ತದೆ: ಏಳು ದಿನಗಳೆಂದರೆ ಏಳು ದಿನಗಳಲ್ಲ. ಬಂದಿಳಿದ ದಿನ ಲೆಕ್ಕಕ್ಕಿಲ್ಲ. ಹೊರಡುವ ದಿನ ಅರ್ಧ ಲೆಕ್ಕ. ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ ಓಡಿರುತ್ತದೆ. ನಮ್ಮ ದೇಹ ಬೆಂಗಳೂರಿನ ನಸುಕಿನಲ್ಲೇ ಇರುವಾಗ ಅಲ್ಲಿ ತಿಂಡಿಯ ಹೊತ್ತು ಮೀರಿರುತ್ತದೆ. ಮಿಕ್ಕವು ಐದು ದಿನ. ಮೂವತ್ತೆರಡನ್ನು ಐದರಿಂದ ಭಾಗಿಸಿದರೆ ದಿನಕ್ಕೆ ಆರು ಸ್ಥಳ ಬಂದು ಇನ್ನೆರಡು ಉಳಿಯುತ್ತವೆ. ಬ್ಯಾಂಕಿನವರಿಗೆ ಈ ಭಾಗಾಕಾರ ತಿಳಿಯದ್ದೇನಲ್ಲ. ಆದರೂ ಪ್ರವಾಸದ ಉತ್ಸಾಹದಲ್ಲಿ ಗಣಿತ ಮರೆತುಹೋಗುವುದುಂಟು.

ನಗರದ ರೂಪವನ್ನು ತಿಳಿದರೆ ಈ ಗಂಟು ಸಡಿಲವಾಗುತ್ತದೆ. ನಮ್ಮ ಊರುಗಳಿಗೆ ಇರುವಂತೆ ಟೋಕಿಯೋಗೆ ಒಂದು ಪೇಟೆಯೆಂಬ ಹೊಕ್ಕುಳಿಲ್ಲ. ನಟ್ಟನಡುವೆ ಇರುವುದು ಕಂದಕ ಸುತ್ತುವರಿದ ಚಕ್ರವರ್ತಿಯ ಅರಮನೆ. ಹಿಂದೆ ಅದು ಎಡೋ ಕೋಟೆಯಿದ್ದ ಜಾಗ. 1603ರಿಂದ ತೊಕುಗಾವಾ ವಂಶದ ಶೋಗನ್‌ಗಳು ಇಲ್ಲಿಂದಲೇ ದೇಶವನ್ನಾಳಿದರು. 1868ರಲ್ಲಿ ಎಡೋ ಎಂಬ ಹೆಸರು ಅಳಿದು ‘ಪೂರ್ವದ ರಾಜಧಾನಿ’ ಎಂಬರ್ಥದ ಟೋಕಿಯೋ ಆಯಿತು. ಅರಮನೆಯಿರುವ ಈ ನಡುಭಾಗವನ್ನು ದೂರದಿಂದ ಬಳಸಿಕೊಂಡು ಯಾಮನೋತೆ ಎಂಬ ರೈಲುಮಾರ್ಗ ವೃತ್ತಾಕಾರವಾಗಿ ಓಡುತ್ತದೆ. ಉದ್ದ 34.5 ಕಿಲೋಮೀಟರು, ನಿಲ್ದಾಣಗಳು 30, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಉಯೆನೋ, ಇಕೆಬುಕುರೋ, ಶಿಂಜುಕು, ಶಿಬುಯ ಎಂದು ಪ್ರವಾಸಿ ಕೇಳಿರುವ ಹೆಸರುಗಳೆಲ್ಲ ಈ ಸರದಲ್ಲಿ ಪೋಣಿಸಿದ ಮಣಿಗಳು. ಒಂದೊಂದು ಮಣಿಯೂ ತಾನೇ ಒಂದು ಪಟ್ಟಣ.

ಈ ಸರದ ಚಿತ್ರವೊಂದು ಮನಸ್ಸಿನಲ್ಲಿ ನಿಂತರೆ ಯೋಜನೆ ತಾನಾಗಿ ಮೂಡುತ್ತದೆ. ಒಂದು ದಿನಕ್ಕೆ ಒಂದೇ ದಿಕ್ಕು. ಪೂರ್ವಕ್ಕೆ ಹೋದ ದಿನ ಪಶ್ಚಿಮದ ಹೆಸರೆತ್ತಕೂಡದು. ಬೆಳಗ್ಗೆ ಉಯೆನೋ, ಮಧ್ಯಾಹ್ನ ಶಿಬುಯ, ಸಂಜೆ ಮತ್ತೆ ಅಸಾಕುಸ ಎಂದು ಬರೆದುಕೊಂಡವರು ನಗರವನ್ನಲ್ಲ, ಅದರ ಮೆಟ್ಟಿಲುಗಳನ್ನು ನೋಡಿ ಬರುತ್ತಾರೆ. ಶಿಂಜುಕು ನಿಲ್ದಾಣವೊಂದರಲ್ಲೇ ದಿನಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಹತ್ತಿಳಿಯುತ್ತಾರೆ. ಹೊರಬಾಗಿಲುಗಳು ಇನ್ನೂರಕ್ಕೂ ಮಿಗಿಲು. ತಪ್ಪು ಬಾಗಿಲಿನಿಂದ ಹೊರಬಿದ್ದರೆ ವೃದ್ಧೆಯೊಬ್ಬರನ್ನು ನಡೆಸಿಕೊಂಡು ಸರಿಯಾದ ಕಡೆಗೆ ಬರುವಷ್ಟರಲ್ಲಿ ಅರ್ಧ ಗಂಟೆ ಕರಗಿರುತ್ತದೆ. ಆದುದರಿಂದ ವಸತಿಗೃಹವನ್ನು ಗೊತ್ತುಮಾಡುವಾಗ ಕೊಠಡಿಯ ಅಂದಕ್ಕಿಂತ ಮೊದಲು ಕೇಳಬೇಕಾದದ್ದು, ಅದು ಯಾವ ನಿಲ್ದಾಣಕ್ಕೆ ಹತ್ತಿರ, ಆ ನಿಲ್ದಾಣದ ಯಾವ ಬಾಗಿಲಿಗೆ ಹತ್ತಿರ, ಆ ಬಾಗಿಲಲ್ಲಿ ಲಿಫ್ಟ್ ಉಂಟೇ ಎಂಬ ಮೂರು ಮಾತು. ಬೀದಿಯ ಹೆಸರು ಕೇಳಿ ಪ್ರಯೋಜನವಿಲ್ಲ. ಅಲ್ಲಿ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ. ಬಡಾವಣೆ, ಅದರ ಭಾಗ, ಭಾಗದೊಳಗಿನ ಚೌಕ, ಚೌಕದೊಳಗಿನ ಕಟ್ಟಡ ಎಂದು ಸಂಖ್ಯೆಗಳ ಮೇಲೆ ವಿಳಾಸ ನಡೆಯುತ್ತದೆ. ಮೊಬೈಲಿನ ನಕ್ಷೆ ಬರುವ ಮುನ್ನ ಹೊರಗಿನವರು ಅಲ್ಲಿ ಹೇಗೆ ಮನೆ ಹುಡುಕುತ್ತಿದ್ದರೆಂಬುದು ಸೋಜಿಗವೇ ಸರಿ.

ಇಷ್ಟು ವ್ಯವಹಾರದ ಮಾತಾಯಿತು. ಇನ್ನು ಮನಸ್ಸಿನ ಸಿದ್ಧತೆಯ ಮಾತು. ಪ್ರಾಚೀನ ಜಪಾನನ್ನು ಕಾಣಬೇಕೆಂಬ ಹಂಬಲದಿಂದ ಟೋಕಿಯೋದಲ್ಲಿ ಇಳಿದ ಅನೇಕರಿಗೆ ನಿರಾಸೆಯಾಗುತ್ತದೆ: ಎಲ್ಲಿ ನೋಡಿದರೂ ಸಿಮೆಂಟು, ಗಾಜು, ಉಕ್ಕು. ಈ ಊರು ಒಂದೇ ಆಯುಷ್ಯದೊಳಗೆ ಎರಡು ಬಾರಿ ಸುಟ್ಟು ಬೂದಿಯಾದದ್ದು ತಿಳಿದಿದ್ದರೆ ನಿರಾಸೆಯ ಸ್ಥಳದಲ್ಲಿ ಬೇರೊಂದು ಭಾವ ಹುಟ್ಟುತ್ತದೆ. 1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನಕ್ಕೆ ಎರಡು ನಿಮಿಷವಿರುವಾಗ, ಮನೆಮನೆಯಲ್ಲೂ ಅಡುಗೆಯ ಒಲೆ ಉರಿಯುತ್ತಿದ್ದ ಹೊತ್ತಿನಲ್ಲಿ, ಭೂಮಿ ನಡುಗಿತು. ಮರದ ಮನೆಗಳಿಗೆ ಬೆಂಕಿ ಹತ್ತಿತು. ಟೋಕಿಯೋ, ಯೋಕೊಹಾಮಾ ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಮತ್ತೆ ಕಟ್ಟಿದರು. ಇಪ್ಪತ್ತೆರಡು ವರ್ಷ ಕಳೆಯುವುದರೊಳಗೆ, 1945ರ ಮಾರ್ಚ್ 10ರ ಒಂದೇ ರಾತ್ರಿಯ ವಿಮಾನದಾಳಿಯಲ್ಲಿ ಮತ್ತೆ ಸುಮಾರು ಒಂದು ಲಕ್ಷ ಜನ ಬೆಂದುಹೋದರು. ಪೂರ್ವದ ಬಡಾವಣೆಗಳು ಬಯಲಾದವು. ಅಸಾಕುಸದ ಸೆನ್ಸೋಜಿಯ ಮುಖ್ಯಮಂದಿರ ಆಗ ಉರಿದದ್ದು. ಈಗಿರುವುದು 1958ರಲ್ಲಿ ಕಟ್ಟಿದ್ದು. ಹಾರಾಜುಕುವಿನ ಮೇಜಿ ದೇಗುಲವೂ ಅದೇ ವರ್ಷ ಉರಿದು 1958ರಲ್ಲೇ ಮತ್ತೆ ಎದ್ದಿತು. 333 ಮೀಟರು ಎತ್ತರದ ಟೋಕಿಯೋ ಗೋಪುರ ತಲೆಯೆತ್ತಿದ್ದೂ ಅದೇ ವರ್ಷದಲ್ಲಿ. ಗುಡಿಯನ್ನೂ ಉಕ್ಕಿನ ಗೋಪುರವನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ ಜನರ ಊರು ಇದು. ಹೀಗೆಂದು ತಿಳಿದು ನೋಡಿದರೆ ಸಿಮೆಂಟಿನ ಕಂಬಕ್ಕೂ ಒಂದು ಚರಿತ್ರೆ ಬರುತ್ತದೆ.

ಬೆಂಕಿಯಿಂದ ಪಾರಾಗಿ ಉಳಿದದ್ದು ಏನೂ ಇಲ್ಲವೇ? ಉಂಟು, ಹೆಚ್ಚಿನದು ಉಯೆನೋ ಸುತ್ತಮುತ್ತ ಉಂಟು. ಮೂವತ್ತೆರಡರ ಪಟ್ಟಿಯಿಂದ ಇಪ್ಪತ್ತೈದನ್ನು ಹೊಡೆದುಹಾಕಿದರೂ ಉಯೆನೋ ಎಂಬ ಹೆಸರನ್ನು ಮುಟ್ಟಕೂಡದು. ಒಂದು ಗುಡ್ಡ, ಒಂದು ಕೊಳ, ಸುತ್ತ ಉದ್ಯಾನವನ. 1873ರಲ್ಲಿ ಸಾರ್ವಜನಿಕರಿಗೆಂದು ಗೊತ್ತುಮಾಡಿದ ಈ ಉದ್ಯಾನದೊಳಗೆ 1631ರ ಕಿಯೋಮಿಜು ಕನ್ನೋನ್ ಮಂದಿರ, 1651ರ ತೋಶೋಗು ದೇಗುಲ ಇಂದಿಗೂ ನಿಂತಿವೆ. ಜಪಾನಿನ ಕಲೆಯನ್ನು ಒಂದೇ ಕಡೆ ಕಾಣಬೇಕೆಂದರೆ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸಮನಾದುದು ಆ ನಗರದಲ್ಲಿ ಇನ್ನೊಂದಿಲ್ಲ. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ ವಿನ್ಯಾಸ ಮಾಡಿದ ಪಾಶ್ಚಾತ್ಯ ಕಲಾ ಸಂಗ್ರಹಾಲಯವೂ (1959) ಎದುರಿಗೇ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಸೋಮವಾರ ಇಲ್ಲಿಗೆ ಹೋಗಕೂಡದು. ಸಂಗ್ರಹಾಲಯಗಳಿಗೂ ಮೃಗಾಲಯಕ್ಕೂ ಸಾಮಾನ್ಯವಾಗಿ ಅಂದು ರಜೆ. ಸೋಮವಾರ ಹಬ್ಬ ಬಿದ್ದರೆ ರಜೆ ಮಂಗಳವಾರಕ್ಕೆ ಜಾರುತ್ತದೆ. ಅರಮನೆಯ ಪೂರ್ವೋದ್ಯಾನಕ್ಕೆ ಸೋಮವಾರವೂ ಶುಕ್ರವಾರವೂ ಬಾಗಿಲು ಮುಚ್ಚಿರುತ್ತದೆ. ಎಷ್ಟೋ ಸಂಸಾರಗಳು ಸಾವಿರಾರು ಮೈಲಿ ಹಾರಿಬಂದು ಮುಚ್ಚಿದ ಬಾಗಿಲ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದುಂಟು.

ತಾಯಿಯ ಪ್ರಶ್ನೆಗೆ ಉತ್ತರ ಈ ಗುಡ್ಡದ ಬುಡದಲ್ಲಿದೆ. ಶಿನೊಬಾಜು ಎಂಬ ಕೊಳದ ನಡುವೆ ಒಂದು ದ್ವೀಪ. ದ್ವೀಪದ ಮೇಲೆ ಎಂಟು ಮುಖದ ಒಂದು ಗುಡಿ. ಅಲ್ಲಿ ಆರಾಧನೆಗೊಳ್ಳುವ ದೇವತೆಗೆ ಜಪಾನೀಯರು ಕೊಟ್ಟಿರುವ ಹೆಸರು ಬೆಂಜೈತೆನ್. ಆಕೆ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧ ಗ್ರಂಥಗಳ ಜೊತೆಯಲ್ಲಿ ಭಾರತದಿಂದ ಚೀನಕ್ಕೆ, ಚೀನದಿಂದ ಜಪಾನಿಗೆ ನಡೆದುಬಂದವಳು. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿದ್ದಾಳೆ. ವಾಗ್ದೇವಿಯಾದವಳು ಅಲ್ಲಿ ಸಂಪತ್ತನ್ನೂ ಕರುಣಿಸುತ್ತಾಳೆ. ನೀರಿನ ಸಂಗಡ ಅವಳ ನಂಟು ಮಾತ್ರ ಬಿಟ್ಟುಹೋಗಿಲ್ಲ, ವೇದಕಾಲದಲ್ಲಿ ನದಿಯಾಗಿದ್ದವಳಲ್ಲವೇ? ಈ ಗುಡಿಯೂ 1945ರಲ್ಲಿ ಸುಟ್ಟು 1958ರಲ್ಲಿ ಮತ್ತೆ ಕಟ್ಟಿದ್ದು. ಬೇಸಗೆಯಲ್ಲಿ ಕೊಳದ ತುಂಬ ತಾವರೆ. ಭಾಷೆ ತಿಳಿಯದ ದೇಶದಲ್ಲಿ ಎಪ್ಪತ್ತರ ಹೆಂಗಸೊಬ್ಬರು ಕೈ ಮುಗಿದು ನಿಲ್ಲುವುದಕ್ಕೆ ಇದಕ್ಕಿಂತ ಪರಿಚಿತವಾದ ಜಾಗ ಇನ್ನೆಲ್ಲಿ ಸಿಕ್ಕೀತು?

ಕೊಳದ ಪಕ್ಕದ್ದೇ ಮೃಗಾಲಯ. 1882ರಲ್ಲಿ ತೆರೆದದ್ದು, ಅದರ ಆವರಣದೊಳಗೇ 1639ರ ಐದಂತಸ್ತಿನ ಪಗೋಡವೊಂದು ನಿಂತಿದೆ. ಪರದೇಶಕ್ಕೆ ಹೋಗಿ ಮೃಗಾಲಯ ನೋಡುವುದೇ ಎಂದು ಮೂಗು ಮುರಿಯುವವರು ಇದರ ಕಥೆಯನ್ನು ಕೇಳಬೇಕು. 1943ರಲ್ಲಿ, ವಿಮಾನದಾಳಿಯಾದರೆ ಕ್ರೂರಮೃಗಗಳು ತಪ್ಪಿಸಿಕೊಂಡಾವೆಂಬ ಕಾರಣದಿಂದ ಅವುಗಳನ್ನು ಕೊಲ್ಲಬೇಕೆಂದು ನಗರದ ಅಧಿಕಾರಿಗಳ ಆಜ್ಞೆಯಾಯಿತು. ಮೂರು ಆನೆಗಳಿದ್ದವು. ವಿಷ ಬೆರೆಸಿದ ಆಹಾರವನ್ನು ಅವು ತಿನ್ನಲಿಲ್ಲ. ಕಡೆಗೆ ಉಪವಾಸ ಕೆಡವಿ ಕೊಂದರು. ಹಸಿದ ಆನೆಗಳು ಪಾಲಕರನ್ನು ಕಂಡಾಗಲೆಲ್ಲ ಕಲಿತ ಆಟಗಳನ್ನು ಆಡಿ ತೋರಿಸುತ್ತಿದ್ದುವೆಂಬ ವೃತ್ತಾಂತ ಆ ದೇಶದ ಮಕ್ಕಳ ಪುಸ್ತಕವಾಗಿ ಮನೆಮನೆಯನ್ನು ಸೇರಿದೆ.

ಯುದ್ಧ ಮುಗಿಯಿತು, ಟೋಕಿಯೋದ ಮಕ್ಕಳಿಗೆ ಆನೆಯೆಂದರೇನೆಂದೇ ತಿಳಿಯದು. ನಗೋಯಾ ಊರಿನಲ್ಲಿ ಎರಡು ಆನೆಗಳು ಬದುಕಿ ಉಳಿದಿದ್ದವು. ಅವನ್ನು ತೋರಿಸುವುದಕ್ಕೆಂದೇ ಮಕ್ಕಳನ್ನು ವಿಶೇಷ ರೈಲುಗಳಲ್ಲಿ ಕರೆದೊಯ್ದರು. 1949ರಲ್ಲಿ ಮಕ್ಕಳು ಒಂದಾನೆಯನ್ನು ಕಳುಹಿಸಿರೆಂದು ಪ್ರಧಾನಿ ನೆಹರೂ ಅವರಿಗೆ ಪತ್ರಗಳನ್ನು ಬರೆದರು. ನೆಹರೂ ಕಳುಹಿಸಿದರು; ತಮ್ಮ ಮಗಳ ಹೆಸರನ್ನೇ ಅದಕ್ಕಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಡಗಿನಿಂದಿಳಿದ ಆ ಆನೆ, ಇಂದಿರಾ, ಮೈಸೂರು ಸೀಮೆಯದು. ಅದಕ್ಕೆ ಅರ್ಥವಾಗುತ್ತಿದ್ದುದು ಕನ್ನಡ ಮಾತ್ರ! ಜೊತೆಯಲ್ಲಿ ಹೋಗಿದ್ದ ಇಬ್ಬರು ಮಾವುತರು ಸುಮಾರು ಎರಡು ತಿಂಗಳು ಅಲ್ಲಿ ನಿಂತು ಜಪಾನೀ ಪಾಲಕರಿಗೆ ಆನೆಯ ಆಜ್ಞೆಗಳನ್ನು ಕಲಿಸಿಕೊಟ್ಟರು. ಉಯೆನೋ ಗುಡ್ಡದ ಮೇಲೆ ಜಪಾನೀಯರು ಕನ್ನಡದ ಪಾಠ ಒಪ್ಪಿಸಿದ ದಿನಗಳವು. ಕನ್ನಡದ ಪ್ರಚಾರಕರ ಪಟ್ಟಿಯಲ್ಲಿ ಈ ಆನೆಯ ಹೆಸರು ಸೇರಿಲ್ಲದಿರುವುದು ನ್ಯಾಯವಲ್ಲ. 1957ರಲ್ಲಿ ನೆಹರೂ ಟೋಕಿಯೋಗೆ ಹೋದಾಗ ಮಗಳೊಡನೆ ಬಂದು ಅದನ್ನು ಕಂಡರು. 1983ರವರೆಗೆ ಬದುಕಿದ್ದ ಇಂದಿರಾಳನ್ನು ನೋಡಿ ಬೆಳೆದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಸತ್ತ ಪ್ರಾಣಿಗಳಿಗಾಗಿ ಮೃಗಾಲಯದೊಳಗೆ ಒಂದು ಸ್ಮಾರಕವಿದೆ. ಅದರ ಮುಂದೆ ಐದು ನಿಮಿಷ ನಿಲ್ಲುವುದಕ್ಕೆ ಕಾರ್ಯಕ್ರಮಪಟ್ಟಿಯಲ್ಲಿ ಎಡೆ ಮಾಡಿಕೊಳ್ಳತಕ್ಕದ್ದು. (ಈ ನಂಟು ಮುಗಿದಿಲ್ಲ. 2025ರಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದವು.)

ಉಯೆನೋದಿಂದ ಅಸಾಕುಸಕ್ಕೆ ಸುರಂಗ ರೈಲಿನಲ್ಲಿ ಐದೇ ನಿಮಿಷ. ಜಪಾನಿನ ಮೊದಲ ಸುರಂಗ ರೈಲು 1927ರಲ್ಲಿ ಓಡಿದ್ದು ಈ ಎರಡು ನಿಲ್ದಾಣಗಳ ನಡುವೆಯೇ. ಸೆನ್ಸೋಜಿ ಗುಡಿಯ ಐತಿಹ್ಯ ಹೀಗಿದೆ: ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಅಣ್ಣತಮ್ಮಂದಿರಿಗೆ ಕನ್ನೋನ್, ಎಂದರೆ ಅವಲೋಕಿತೇಶ್ವರನ, ಪುಟ್ಟ ವಿಗ್ರಹ ಸಿಕ್ಕಿತಂತೆ. ವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ. ಕಾಣದ ದೇವರಿಗೆ ಕೋಟ್ಯಂತರ ಜನ ಕೈ ಮುಗಿಯುತ್ತಾರೆ. ಜನಜಂಗುಳಿಯಿಂದ ಹತ್ತು ನಿಮಿಷ ಆಚೆ ನಡೆದರೆ ಮತ್ಸುಚಿಯಾಮ ಶೋದೆನ್ ಎಂಬ ಸಣ್ಣ ದಿಬ್ಬದ ಗುಡಿ, ಪ್ರವಾಸಿಗಳು ವಿರಳ. ಅಲ್ಲಿರುವ ಕಾಂಗಿತೆನ್ ಗಜಮುಖ, ನಮ್ಮ ವಿನಾಯಕನ ಇನ್ನೊಂದು ಅವತಾರ. ಕಡುಬಿನ ಬದಲು ಅವನಿಗೆ ಅರ್ಪಿಸುವುದು ಮೂಲಂಗಿ! ಬಾಗಿಲಲ್ಲೇ ಬಿಳಿಯ ಮೂಲಂಗಿಗಳನ್ನು ಮಾರುತ್ತಾರೆ. ಮೂವತ್ತೆರಡರ ಪಟ್ಟಿಯಲ್ಲಿ ಈ ಗುಡಿ ಇರಲಾರದು. ಮನೆಗೆ ಬಂದ ಮೇಲೆ ನೆರೆಹೊರೆಯವರಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿಯೂ ಇರಲಾರದು.

ಉಯೆನೋದ ಹಿಂಬದಿಗೆ ಯನಕ ಎಂಬ ಬಡಾವಣೆ. ಭೂಕಂಪದ ಬೆಂಕಿಯೂ ಯುದ್ಧದ ಬೆಂಕಿಯೂ ಬಹುಮಟ್ಟಿಗೆ ಮುಟ್ಟದೆ ಬಿಟ್ಟ ಜಾಗ. ಕಿರಿದಾದ ಓಣಿಗಳು, ಮರದ ಮನೆಗಳು, ಗುಡಿಗಳು, ಗೋಡೆಯ ಮೇಲೆ ಬಿಸಿಲು ಕಾಯುವ ಬೆಕ್ಕುಗಳು. ನೋಡಲೇಬೇಕಾದ ವಸ್ತು ಯಾವುದೂ ಇಲ್ಲದಿರುವುದೇ ಇಲ್ಲಿನ ಸುಖ.

ಪಶ್ಚಿಮದ ದಿಕ್ಕಿಗೆ ಒಂದು ದಿನ ಸಾಕು. ಮೇಜಿ ದೇಗುಲದ ಸುತ್ತಣ ಕಾಡು ಆದಿಕಾಲದ್ದೆಂದು ಕಂಡರೂ ದೇಶದ ಎಲ್ಲ ಕಡೆಯಿಂದ ಜನ ಕೊಟ್ಟ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟು ಬೆಳೆಸಿದ್ದು; ದೇಗುಲ ಸ್ಥಾಪನೆಯಾದದ್ದು 1920ರಲ್ಲಿ. ಶಿಬುಯದಲ್ಲಿ, ಸತ್ತ ಒಡೆಯನಿಗಾಗಿ ವರ್ಷಗಟ್ಟಲೆ ಕಾದು 1935ರಲ್ಲಿ ಪ್ರಾಣಬಿಟ್ಟ ಹಾಚಿಕೋ ಎಂಬ ನಾಯಿಯ ಪ್ರತಿಮೆಯುಂಟು. ಮಗಳು ಅದರ ಪಕ್ಕದಲ್ಲಿ ನಿಲ್ಲದೆ ಬರುವುದಿಲ್ಲ. ನಗರವನ್ನು ಎತ್ತರದಿಂದ ನೋಡಲು 634 ಮೀಟರಿನ ಸ್ಕೈಟ್ರೀ ಗೋಪುರಕ್ಕೆ ನಾಲ್ವರ ಚೀಟಿ ಕೊಳ್ಳಬೇಕೆಂದಿಲ್ಲ. ಶಿಂಜುಕುವಿನ ನಗರಾಡಳಿತ ಭವನದ 45ನೆಯ ಅಂತಸ್ತಿಗೆ, 202 ಮೀಟರು ಎತ್ತರಕ್ಕೆ, ಕಾಸಿಲ್ಲದೆ ಕರೆದೊಯ್ಯುತ್ತಾರೆ. ಅಲ್ಲಿಯೇ ಹತ್ತಿರದಲ್ಲಿ ನಾಕಾಮುರಾಯ ಎಂಬ ಹಳೆಯ ಅಂಗಡಿ. ಬ್ರಿಟಿಷರ ಕಣ್ಣು ತಪ್ಪಿಸಿ 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಗೆ ಆಶ್ರಯ ಕೊಟ್ಟ ಮನೆಯವರದು ಅದು. ಆ ಮನೆಯ ಮಗಳನ್ನೇ ಅವರು ಮದುವೆಯಾದರು. ಅವರ ಒತ್ತಾಸೆಯಿಂದ 1927ರಲ್ಲಿ ಅಲ್ಲಿ ಭಾರತದ ರೀತಿಯ ಸಾರನ್ನ ಬಡಿಸಲಾರಂಭಿಸಿದರು. ಅದು ಕೋಳಿಯ ಸಾರು; ಸಸ್ಯಾಹಾರಿಗಳು ಅಂಗಡಿಯ ಹೆಸರನ್ನು ಓದಿ ಮುಂದೆ ಸಾಗಬಹುದು. ಸುಗಿನಾಮಿಯ ರೆಂಕೋಜಿ ಗುಡಿಯಲ್ಲಿ ನೇತಾಜಿಯವರದೆನ್ನಲಾದ ಚಿತಾಭಸ್ಮವನ್ನು ಕಾಪಾಡಿದ್ದಾರೆ. ಆ ವಿಷಯದ ವಾದವಿವಾದಗಳು ಇದ್ದೇ ಇವೆ. ಹೋದವರು ಪ್ರತಿಮೆಗೆ ನಮಸ್ಕರಿಸಿ ಬರುತ್ತಾರೆ.

ಈಗ ಊಟದ ಪ್ರಶ್ನೆ. ಹೊರಡುವ ಮುನ್ನ ಗೃಹಿಣಿಯ ನಿದ್ದೆ ಕೆಡಿಸುವುದು ಇದೇ; ಕೆಡಿಸುವುದು ನ್ಯಾಯವೂ ಹೌದು. ಮಾಂಸ ಕಾಣದ ಪದಾರ್ಥದಲ್ಲಿ ಮಾಂಸವಿಲ್ಲವೆಂದು ತಿಳಿಯುವುದು ಆ ದೇಶದಲ್ಲಿ ಸಲ್ಲದು. ಜಪಾನೀ ಅಡುಗೆಯ ತಳಹದಿ ದಾಶಿ ಎಂಬ ತಿಳಿಸಾರು. ಅದನ್ನು ಕಡಲಪಾಚಿಯಿಂದಲೂ ಒಣಗಿಸಿ ಹೆರೆದ ಒಂದು ಬಗೆಯ ಮೀನಿನಿಂದಲೂ ತೆಗೆಯುತ್ತಾರೆ. ತರಕಾರಿಯ ಸಾರು, ಶಾವಿಗೆ, ಬೇಯಿಸಿದ ಸೊಪ್ಪು, ಎಲ್ಲದರಲ್ಲೂ ಅದರ ಸುಳಿವಿರಬಹುದು. ಬಡಿಸುವವರನ್ನು ‘ಮಾಂಸವಿಲ್ಲವಷ್ಟೆ?’ ಎಂದು ಕೇಳಿದರೆ ಅವರು ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತಾರೆ. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ಆದುದರಿಂದ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡವೆಂದು ಬಿಡಿಬಿಡಿಯಾಗಿ ಜಪಾನಿಯಲ್ಲಿ ಬರೆಸಿದ ಚೀಟಿಯೊಂದು ಕೈಚೀಲದಲ್ಲಿರಬೇಕು. ಬೌದ್ಧ ಸಂನ್ಯಾಸಿಗಳ ಶೋಜಿನ್ ರ್ಯೋರಿ ಎಂಬ ಭೋಜನಕ್ರಮ ಸಸ್ಯಾಹಾರದ್ದು. ಬೆಲೆ ಹೆಚ್ಚು; ಆದರೆ ಒಂದು ಹೊತ್ತು ಆ ಊಟ ಮಾಡುವುದು ದೇಶವನ್ನು ನಾಲಗೆಯಿಂದ ನೋಡಿದಂತೆ. ಮಿಕ್ಕ ಹೊತ್ತುಗಳಿಗೆ ಭಾರತೀಯ ಭೋಜನಶಾಲೆಗಳು ನಗರದ ಎಲ್ಲ ಕಡೆ ಇವೆ. ಪೂರ್ವದ ನಿಶಿಕಸಾಯಿ ಬಡಾವಣೆಯಲ್ಲಿ 2000ದ ಸುಮಾರಿನಿಂದೀಚೆಗೆ ಗಣಕಯಂತ್ರದ ಕೆಲಸಕ್ಕೆಂದು ಬಂದ ಭಾರತೀಯರ ಸಂಸಾರಗಳು ನೆಲೆಸಿವೆ. ಬೇಳೆ, ಹಿಟ್ಟು, ಮಸಾಲೆಗಳ ಅಂಗಡಿಗಳೂ ಅಲ್ಲುಂಟು. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯುವುದು ಜಾಣತನ. ಹಸಿ ಕರಿಬೇವು, ಹಣ್ಣು, ತರಕಾರಿಗಳನ್ನು ಒಯ್ಯಕೂಡದು. ಅಧಿಕೃತ ತಪಾಸಣಾ ಪತ್ರವಿಲ್ಲದೆ ವಿಮಾನ ನಿಲ್ದಾಣದಲ್ಲಿ ಅವನ್ನು ಒಳಗೆ ಬಿಡುವುದಿಲ್ಲ.

ಕಾರ್ಯಕ್ರಮ ಇಷ್ಟಕ್ಕೆ ಬಂದು ನಿಂತಾಗ ಯಾರಾದರೊಬ್ಬ ಬಂಧುವಿನಿಂದ ದೂರವಾಣಿ ಬರುತ್ತದೆ: “ಅಷ್ಟು ದೂರ ಹೋಗಿ ಕ್ಯೋಟೋ ನೋಡದೆ ಬರುತ್ತೀರಾ?” ಇದೇ ಯೋಜನೆಯ ಅಗ್ನಿಪರೀಕ್ಷೆ. 1964ರಿಂದ ಓಡುತ್ತಿರುವ ಶಿಂಕಾನ್ಸೆನ್ ಮಾರ್ಗದಲ್ಲಿ ಕ್ಯೋಟೋಗೆ ಎರಡೂಕಾಲು ಗಂಟೆ. ಒಬ್ಬರಿಗೆ ಒಂದು ಕಡೆಗೆ ಹೆಚ್ಚುಕಡಿಮೆ 14,000 ಯೆನ್. ಏಳು ದಿನಗಳ ರೈಲ್ವೆ ಪಾಸು ಕೊಂಡರೆ ಲಾಭವೆಂದು ಹಳೆಯ ಪ್ರವಾಸಿಗಳು ಹೇಳುವುದು 2023ರ ಅಕ್ಟೋಬರಿಗೆ ಮುಂಚಿನ ಮಾತು. ಆಗ 29,650 ಯೆನ್ ಇದ್ದ ಸಾಮಾನ್ಯ ದರ್ಜೆಯ ಪಾಸು ಒಮ್ಮೆಗೇ 50,000ಕ್ಕೆ ಏರಿತು. ಹೋಗಿಬರುವುದಕ್ಕೆ 28,000 ಆಗುವಲ್ಲಿ 50,000 ಕೊಡುವುದು ಯಾವ ಬ್ಯಾಂಕಿನ ಲೆಕ್ಕ? ಅದಿರಲಿ, ಹಣಕ್ಕಿಂತ ದಿನದ ಲೆಕ್ಕ ದೊಡ್ಡದು. ಇರುವ ಐದರಲ್ಲಿ ಎರಡನ್ನು ಕ್ಯೋಟೋ ನುಂಗಿದರೆ ಎರಡು ಊರೂ ಕಾಣದಂತಾಗುತ್ತದೆ. ಹತ್ತು ದಿನವಿದ್ದವರು ಧಾರಾಳವಾಗಿ ಹೋಗಲಿ. ಏಳು ದಿನದವರಿಗೆ ಕಾಮಾಕುರಾ ಸಾಕು. ರೈಲಿನಲ್ಲಿ ಒಂದು ಗಂಟೆ. ಹದಿಮೂರನೆಯ ಶತಮಾನದಲ್ಲಿ ಎರಕ ಹೊಯ್ದ ಹನ್ನೊಂದು ಮೀಟರಿಗೂ ಎತ್ತರದ ಅಮಿತಾಭ ಬುದ್ಧ ಅಲ್ಲಿ ಬಯಲಲ್ಲಿ ಕುಳಿತಿದ್ದಾನೆ. ಶ್ರವಣಬೆಳಗೊಳವನ್ನು ಕಂಡ ಕಣ್ಣುಗಳಿಗೆ ಆ ಬಯಲೂ ಆ ಮೌನವೂ ಹೊಸತಲ್ಲ.

ಕಾಲದ ಆಯ್ಕೆಯಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಚೆರಿ ಹೂಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ; ಅಂದಿನ ನೂಕುನುಗ್ಗಲೂ ಬಾಡಿಗೆಯೂ ಆ ಹೂವಿಗೆ ತಕ್ಕಂತೆಯೇ. ಏಪ್ರಿಲ್ 29ರಿಂದ ಮೇ 5ರವರೆಗೆ ದೇಶಕ್ಕೆ ದೇಶವೇ ರಜೆ ಹಾಕಿ ಹೊರಟಿರುತ್ತದೆ. ನಮ್ಮ ಮಕ್ಕಳ ಬೇಸಗೆ ರಜೆಯೂ ಆಗಲೇ ಬರುವುದು ದುರದೃಷ್ಟ. ಜೂನ್ ಮಳೆ, ಆಗಸ್ಟ್ ಬೆವರು. ಹಿರಿಯರಿದ್ದರೆ ನವೆಂಬರ್ ಉತ್ತಮ.

ಹಿರಿಯರ ಮಾತು ಬಂದಮೇಲೆ ಕಾಲುಗಳ ಮಾತನ್ನೂ ಹೇಳಬೇಕು. ಆ ನಗರದಲ್ಲಿ ಪ್ರವಾಸಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ನಡೆಯುವುದು ಸಾಮಾನ್ಯ. ಹೊರಡುವ ಎರಡು ತಿಂಗಳ ಮೊದಲೇ ಬೆಳಗಿನ ನಡಿಗೆ ಆರಂಭವಾಗಬೇಕು. ಹೊಸ ಜೋಡು ಹಳೆಯದಾಗಬೇಕು. ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ರೈಲು ಹತ್ತುವ ಸಾಹಸ ಬೇಡ. ದೊಡ್ಡ ಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಬೇಕಾದದ್ದೂ ಇಲ್ಲ. ತಕ್ಕ್ಯೂಬಿನ್ ಎಂಬ ಸಾಗಣೆಯ ಏರ್ಪಾಟು 1976ರಿಂದ ಆ ದೇಶದಲ್ಲಿದೆ. ವಿಮಾನ ನಿಲ್ದಾಣದಲ್ಲಿ ಒಪ್ಪಿಸಿದ ಪೆಟ್ಟಿಗೆ ಸಾಮಾನ್ಯವಾಗಿ ಮರುದಿನ ವಸತಿಗೃಹದ ಬಾಗಿಲಿಗೆ ಬರುತ್ತದೆ. ಒಂದು ರಾತ್ರಿಗೆ ಬೇಕಾದ ಬಟ್ಟೆ, ತಾಯಿಯ ಔಷಧಿ ಕೈಚೀಲದಲ್ಲಿದ್ದರೆ ಸರಿ. ಇನ್ನೊಂದು: ಐದರಲ್ಲಿ ಒಂದು ಮಧ್ಯಾಹ್ನವನ್ನು ಖಾಲಿ ಬಿಡಬೇಕು. ಮಗಳು ತಂದೆಯೊಡನೆ ಅಕಿಹಾಬಾರಕ್ಕೆ ಹೋಗಲಿ. ಅತ್ತೆ ಸೊಸೆಯರು ಯನಕದ ಓಣಿಯಲ್ಲಿ ಕುಳಿತು ಚಹಾ ಕುಡಿಯಲಿ. ನಾಲ್ವರೂ ಎಲ್ಲ ಕಡೆಯೂ ಒಟ್ಟಿಗೇ ಇರಬೇಕೆಂಬ ನಿಯಮದಿಂದ ಹುಟ್ಟುವ ಜಗಳಗಳು ಸ್ವದೇಶದಲ್ಲಿ ಆಗುವುದಕ್ಕಿಂತ ಪರದೇಶದಲ್ಲಿ ದುಬಾರಿ.

ಹೀಗೆ ಹೊಡೆದುಹಾಕುತ್ತ ಬಂದರೆ ಮೂವತ್ತೆರಡರಲ್ಲಿ ಹತ್ತೋ ಹನ್ನೊಂದೋ ಉಳಿದಾವು. ವಸತಿಯನ್ನು ಉಯೆನೋದಲ್ಲೇ ಹಿಡಿದವರಿಗೆ ಕಡೆಯ ದಿನದ ಒಂದು ಅನುಕೂಲವೂ ಉಂಟು. ಬೆಂಗಳೂರಿಗೆ ನೇರ ವಿಮಾನ ಹಾರುವ ನರಿತಾ ನಿಲ್ದಾಣ ನಗರದಿಂದ ಅರವತ್ತು ಕಿಲೋಮೀಟರು ಆಚೆ. ಅಲ್ಲಿಗೆ ಹೋಗುವ ಕೇಯಿಸೇಯಿ ಕಂಪನಿಯ ವೇಗದ ರೈಲು ಹೊರಡುವುದು ಶಿನೊಬಾಜು ಕೊಳದ ದಂಡೆಯಿಂದಲೇ ಎನ್ನಬಹುದು. ತಲುಪುವುದಕ್ಕೆ ಮುಕ್ಕಾಲು ಗಂಟೆ. ಪೆಟ್ಟಿಗೆಗಳನ್ನು ನಿಲ್ದಾಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ದ್ವೀಪದ ಗುಡಿಗೆ ಇನ್ನೊಮ್ಮೆ ಹೋಗಿಬರಲು ಅರ್ಧ ಗಂಟೆ ಸಾಕು. ಜುಲೈ ಆಗಸ್ಟಿನಲ್ಲಾದರೆ ಬೆಳಗ್ಗೆ ಬೇಗ ಹೋಗಬೇಕು. ಬಿಸಿಲೇರಿದ ಮೇಲೆ ತಾವರೆಗಳು ಮುಚ್ಚಿಕೊಳ್ಳುತ್ತವೆ.